ಮೂತ್ರಪಿಂಡದ ಕ್ಯಾನ್ಸರು: ವಂಶವೆ, ಅಭ್ಯಾಸವೆ, ಅನ್ನವೆ?

ಮನೆಯೊಳಕ್ಕೆ ದೊಡ್ಡ ಕಾಯಿಲೆಯೊಂದು ಕಾಲಿಟ್ಟಿತೆಂದರೆ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಕಾಲಿಡುತ್ತದೆ: ಇದು ಏಕೆ ಬಂತು? ಔಷಧವೇನು, ಖರ್ಚೆಷ್ಟು ಎಂಬ ಪ್ರಶ್ನೆಗಳಿಗೆ ವೈದ್ಯರು ಉತ್ತರ ಹೇಳುತ್ತಾರೆ. ಏಕೆ ಬಂತೆಂಬುದಕ್ಕೆ ಮಾತ್ರ ಮನೆಯವರು, ನೆಂಟರು, ನೆರೆಹೊರೆಯವರು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ರೋಗಿಯ ಸೋದರಮಾವನಿಗೂ ಇಂಥದೇ ಏನೋ ಇತ್ತೆಂದು ಒಬ್ಬರು ವಂಶವನ್ನು ದೂರಿದರೆ, ಹೊತ್ತಿಗೆ ಸರಿಯಾಗಿ ಊಟವಿಲ್ಲದ ಉದ್ಯೋಗವನ್ನು ಇನ್ನೊಬ್ಬರು ದೂರುತ್ತಾರೆ. ಕೊಳವೆ ಬಾವಿಯ ನೀರನ್ನು ಮತ್ತೊಬ್ಬರು. ಯಾವುದೂ ಒಪ್ಪಿಗೆಯಾಗದಿದ್ದರೆ ಹಣೆಬರಹವಂತೂ ಇದ್ದೇ ಇದೆ.

ಈ ಪ್ರಶ್ನೆಗೆ ತಪ್ಪು ಉತ್ತರ ಹೇಳಿಕೊಂಡರೆ ಆಗುವ ನಷ್ಟ ಸಣ್ಣದಲ್ಲ. ವಂಶದ ಕಾಯಿಲೆಯೆಂದು ಆಧಾರವಿಲ್ಲದೆ ನಂಬಿದ ಮನೆಯಲ್ಲಿ ಮಕ್ಕಳು ಸಲ್ಲದ ಹೆದರಿಕೆಯಲ್ಲಿ ಬೆಳೆಯುತ್ತಾರೆ. ಹೆಣ್ಣು ಕೊಡುವವರೂ ತರುವವರೂ ಹಿಂಜರಿಯುತ್ತಾರೆ. ಹಣೆಬರಹವೆಂದು ನಂಬಿದ ಮನೆಯಲ್ಲಿ ತಿದ್ದಿಕೊಳ್ಳಬಹುದಾದದ್ದೂ ತಿದ್ದದೆ ಉಳಿಯುತ್ತದೆ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ವಂಶದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು, ಉಂಡ ಅನ್ನ ಔಷಧಗಳ ಪಾಲೆಷ್ಟು ಎಂಬುದನ್ನು ವಿಜ್ಞಾನಿಗಳು ಕಳೆದ ಎಪ್ಪತ್ತು ವರ್ಷಗಳಲ್ಲಿ ಬಿಡಿಬಿಡಿಯಾಗಿ ತೂಗಿ ನೋಡಿದ್ದಾರೆ. ಆ ತೂಕದ ಲೆಕ್ಕವನ್ನು ಅರಿತಿರುವುದು ಪ್ರತಿಯೊಂದು ಮನೆಗೂ ಹಿತ.

ಸೋಸುವ ಅಂಗ

ಪಕ್ಕೆಲುಬುಗಳ ಆಸರೆಯಲ್ಲಿ, ಬೆನ್ನುಮೂಳೆಯ ಎಡಬಲಗಳಲ್ಲಿ, ಅವರೆಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಗಾತ್ರ ಕಿರಿದಾದರೂ ಹೃದಯವು ಒತ್ತಿ ಕಳಿಸುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳಿಗೇ ಮೀಸಲು. ಒಂದು ದಿನದಲ್ಲಿ ಇವು ರಕ್ತದಿಂದ ಸುಮಾರು 180 ಲೀಟರು ದ್ರವವನ್ನು ಸೋಸಿ ತೆಗೆಯುತ್ತವೆ. ಅದರಲ್ಲಿ ದೇಹಕ್ಕೆ ಬೇಕಾದುದನ್ನೆಲ್ಲ ಹಿಂದಕ್ಕೆ ಹೀರಿ ಕೊಟ್ಟು, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ತಿಂದದ್ದು, ಕುಡಿದದ್ದು, ಸೇದಿದ್ದು, ನುಂಗಿದ ಗುಳಿಗೆ, ಇವುಗಳಲ್ಲಿ ರಕ್ತಕ್ಕೆ ಸೇರಿದ್ದೆಲ್ಲವೂ ಈ ಬಾಗಿಲನ್ನು ಹಾದೇ ಹೋಗಬೇಕು. ಹಾದುಹೋಗುವಾಗ ಕೆಲವು ವಿಷಗಳು ಇಲ್ಲಿಯೇ ತಂಗುತ್ತವೆ.

ಈ ಅಂಗದಲ್ಲಿ ಮುಖ್ಯವಾಗಿ ಎರಡು ಬಗೆಯ ಕ್ಯಾನ್ಸರು ಕಾಣುತ್ತದೆ. ಸೋಸಿದ ದ್ರವ ಹರಿಯುವ ಸೂಕ್ಷ್ಮ ನಾಳಗಳ ಜೀವಕೋಶಗಳು ಕೆಟ್ಟು ಬೆಳೆಯುವುದು ಒಂದು ಬಗೆ. ದೊಡ್ಡವರ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಇಂಥವು. ಇದು ಮೂತ್ರಪಿಂಡದ ತಿರುಳಿನ ಕ್ಯಾನ್ಸರು. ಸಿದ್ಧವಾದ ಮೂತ್ರ ಬಂದು ಕೂಡುವ ಒಳಬಟ್ಟಲಿನ ಪೊರೆ ಕೆಡುವುದು ಇನ್ನೊಂದು ಬಗೆ. ಈ ಪೊರೆಯೇ ಮೂತ್ರನಾಳಗಳಲ್ಲಿಯೂ ಮೂತ್ರಕೋಶದಲ್ಲಿಯೂ ಮುಂದುವರಿಯುತ್ತದೆ. 2022ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 4 ಲಕ್ಷ 34 ಸಾವಿರ ಜನರಿಗೆ ಮೂತ್ರಪಿಂಡದ ಕ್ಯಾನ್ಸರು ಹೊಸದಾಗಿ ಪತ್ತೆಯಾಯಿತೆಂದೂ, ಸುಮಾರು 1 ಲಕ್ಷ 56 ಸಾವಿರ ಜನ ಅದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಐವತ್ತು ದಾಟಿದ ಮೇಲೆ ಹೆಚ್ಚು. ಯೂರೋಪಿನಲ್ಲಿ ಬಹಳ, ಭಾರತದಲ್ಲಿ ಅಷ್ಟಿಲ್ಲ.

ವಂಶದಂತೆ ತೋರಿದ ವಿಷ

ಕಾರಣವನ್ನು ಹುಡುಕುವ ಕೆಲಸ ಎಷ್ಟು ಕಠಿಣವೆಂಬುದಕ್ಕೆ ಯೂರೋಪಿನ ಬಾಲ್ಕನ್ ಸೀಮೆಯ ಹಳ್ಳಿಗಳ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. ಡಾನ್ಯೂಬ್ ನದಿಯೂ ಅದರ ಉಪನದಿಗಳೂ ಹರಿಯುವ ಬಯಲುಗಳಲ್ಲಿ, ಇಂದಿನ ಸೆರ್ಬಿಯ, ಕ್ರೊಯೇಷಿಯ, ಬಾಸ್ನಿಯ, ಬಲ್ಗೇರಿಯ, ರುಮೇನಿಯ ದೇಶಗಳ ಕೆಲವು ಹಳ್ಳಿಗಳಲ್ಲಿ, ಮೂತ್ರಪಿಂಡಗಳು ಮೆಲ್ಲಮೆಲ್ಲನೆ ಸುರುಟಿ ನಿಷ್ಕ್ರಿಯವಾಗುವ ಒಂದು ವಿಚಿತ್ರ ರೋಗವನ್ನು ವೈದ್ಯರು 1950ರ ದಶಕದಲ್ಲಿ ಗುರುತಿಸಿದರು. ರೋಗಿಗಳಲ್ಲಿ ಅನೇಕರಿಗೆ ಒಳಬಟ್ಟಲಿನ ಅಥವಾ ಮೂತ್ರನಾಳದ ಕ್ಯಾನ್ಸರೂ ಬರುತ್ತಿತ್ತು.

ರೋಗವು ಮನೆತನಗಳನ್ನು ಹಿಡಿದು ಬರುತ್ತಿತ್ತು. ತಂದೆಗೆ ಬಂದದ್ದು ಮಗನಿಗೆ, ಅತ್ತೆಗೆ ಬಂದದ್ದು ಅಳಿಯನಿಗೆ. ಮೊದಲ ನೋಟಕ್ಕೆ ಇದು ವಂಶದ ದೋಷವೆಂದೇ ತೋರುತ್ತಿತ್ತು. ಆದರೆ ಅಳಿಯನೆಂಬವನು ಬೇರೆ ರಕ್ತದವನು! ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರೂ ಹದಿನೈದು ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬಾಳಿದ ಮೇಲೆ ರೋಗಕ್ಕೆ ತುತ್ತಾಗುತ್ತಿದ್ದರು. ಚಿಕ್ಕಂದಿನಲ್ಲಿಯೇ ಊರು ಬಿಟ್ಟು ಹೋದ ಸ್ವಂತ ಮಕ್ಕಳು ಪಾರಾಗುತ್ತಿದ್ದರು. ಒಂದು ಹಳ್ಳಿ ರೋಗದಿಂದ ನರಳುತ್ತಿದ್ದರೆ ಕೂಗಳತೆಯ ಇನ್ನೊಂದು ಹಳ್ಳಿ ಸುಖವಾಗಿರುತ್ತಿತ್ತು. ಬಾವಿಯ ನೀರು, ಭೂಮಿಯೊಳಗಿನ ಕಲ್ಲಿದ್ದಲು, ಸೀಸ, ಕಾಳಿಗೆ ಹಿಡಿಯುವ ಬೂಷ್ಟು, ಕಣ್ಣಿಗೆ ಕಾಣದ ವೈರಸ್ಸು, ಹೀಗೆ ಒಂದಾದ ಮೇಲೊಂದರ ಮೇಲೆ ಗುಮಾನಿ ಹೋಯಿತು. ಯಾವುದೂ ರುಜುವಾತಾಗಲಿಲ್ಲ.

1969ರಲ್ಲಿ ಇವಿಚ್ ಎಂಬ ಯುಗೊಸ್ಲಾವಿಯದ ವಿದ್ವಾಂಸರು ಗೋಧಿಯ ಹೊಲಗಳತ್ತ ಬೆರಳು ತೋರಿದರು. ಅಲ್ಲಿ ಆರಿಸ್ಟೊಲೋಕಿಯ ಎಂಬ ಜಾತಿಯ ಕಳೆಯೊಂದು ದಟ್ಟವಾಗಿ ಬೆಳೆಯುತ್ತಿತ್ತು. ಕುಯಿಲಿನ ಕಾಲಕ್ಕೆ ಅದರ ಕಾಯಿಯೂ ಬಲಿತು, ಬೀಜಗಳು ಗೋಧಿಯೊಡನೆ ಕಣಕ್ಕೆ, ಕಣದಿಂದ ಗಿರಣಿಗೆ, ಗಿರಣಿಯಿಂದ ಮನೆಯ ರೊಟ್ಟಿಗೆ ಸೇರುತ್ತಿದ್ದವು. ತಮ್ಮ ಹೊಲದ ಗೋಧಿಯನ್ನೇ ವರ್ಷವಿಡೀ ತಿನ್ನುವ ರೈತ ಕುಟುಂಬಗಳಿಗೆ ದಿನದಿನವೂ ಅತ್ಯಲ್ಪ ವಿಷ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಸಂಶಯಕ್ಕೆ ಎಡೆಯೇ ಇಲ್ಲ. ಇವಿಚರ ಮಾತನ್ನು ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಮಾತಿಗೆ ಬಲ ಬಂದದ್ದು ದೂರದ ಬೆಲ್ಜಿಯಂ ದೇಶದಿಂದ. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಲು ಗುಳಿಗೆ ತೆಗೆದುಕೊಂಡ ತರುಣಿಯರ ಮೂತ್ರಪಿಂಡಗಳು 1990ರ ದಶಕದ ಆರಂಭದಲ್ಲಿ ಒಂದೇ ಸಮನೆ ಕೆಡತೊಡಗಿದವು. ಅಲ್ಲಿನ ವೈದ್ಯರು ವಿಚಾರಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಆ ಔಷಧಕ್ಕೆ ಚೀನದ ಒಂದು ಗಿಡಮೂಲಿಕೆಯ ಬದಲು, ಚೀನೀ ಭಾಷೆಯಲ್ಲಿ ಅದರ ಹೆಸರನ್ನೇ ಹೋಲುವ ಆರಿಸ್ಟೊಲೋಕಿಯ ಜಾತಿಯ ಮೂಲಿಕೆ ಸೇರಿಹೋಗಿತ್ತು! ಮೂತ್ರಪಿಂಡ ಪೂರ್ತಿ ಕೆಟ್ಟವರಲ್ಲಿ 39 ಮಂದಿ ಮುನ್ನೆಚ್ಚರಿಕೆಯಾಗಿ ಅವನ್ನು ತೆಗೆಸಿಕೊಂಡರು. ಅವರಲ್ಲಿ 18 ಮಂದಿಗೆ ಒಳಬಟ್ಟಲಿನಲ್ಲಿಯೋ ಮೂತ್ರನಾಳದಲ್ಲಿಯೋ ಆಗಲೇ ಕ್ಯಾನ್ಸರು ಇದ್ದಿತೆಂದು 2000ದಲ್ಲಿ ಪ್ರಕಟವಾಯಿತು. ಬಾಲ್ಕನ್ನಿನ ರೈತ ಮುದುಕನಿಗೂ ಬ್ರಸೆಲ್ಸಿನ ತರುಣಿಗೂ ಒಂದೇ ರೋಗ. ಒಬ್ಬರಿಗೆ ರೊಟ್ಟಿಯ ದಾರಿಯಲ್ಲಿ, ಇನ್ನೊಬ್ಬರಿಗೆ ಔಷಧದ ದಾರಿಯಲ್ಲಿ.

ಕೊನೆಯ ಸಾಕ್ಷಿ ಜೀವಕೋಶದೊಳಗೇ ಸಿಕ್ಕಿತು. ಜೀವಕೋಶದ ಕೆಲಸಕಾರ್ಯಗಳೆಲ್ಲ ಡಿಎನ್‌ಎ ಎಂಬ ಉದ್ದನೆಯ ಬರಹದಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದಿಟ್ಟಿರುತ್ತವೆ. ಆರಿಸ್ಟೊಲೋಕಿಯದಲ್ಲಿನ ಆಮ್ಲವು ಆ ಬರಹಕ್ಕೆ ಅಂಟಿಕೊಂಡು ‘ಎ’ ಎಂಬ ಅಕ್ಷರವಿರಬೇಕಾದಲ್ಲಿ ‘ಟಿ’ ಎಂಬ ಅಕ್ಷರ ಬೀಳುವಂತೆ ಮಾಡುತ್ತದೆ. ಬೇರೆ ವಿಷಗಳಿಂದ ಈ ಬಗೆಯ ತಪ್ಪು ಆಗುವುದು ಅಪರೂಪ. ಅಮೆರಿಕದ ಆರ್ಥರ್ ಗ್ರೋಲ್‌ಮನ್ ಮತ್ತು ಅವರ ಸಂಗಡಿಗರು ಕ್ರೊಯೇಷಿಯದ ರೋಗಿಗಳ ಅಂಗಾಂಶದಲ್ಲಿ ಈ ಆಮ್ಲದ ಅಂಟನ್ನೂ ಈ ಅಕ್ಷರದೋಷವನ್ನೂ ಕಂಡು 2007ರಲ್ಲಿ ಪ್ರಕಟಿಸಿದರು. ಕಳ್ಳನ ಬೆರಳಚ್ಚು ಸಿಕ್ಕಿದಂತಾಯಿತು. ರೋಗವನ್ನು ಗುರುತಿಸಿದ ದಿನದಿಂದ ಐವತ್ತು ವರ್ಷಗಳು ಕಳೆದಿದ್ದವು. ವಂಶವೆಂದು ತೋರಿದ್ದು ವಂಶವಾಗಿರಲಿಲ್ಲ. ಒಂದೇ ಅಡಿಗೆಮನೆಯ ರೊಟ್ಟಿಯಾಗಿತ್ತು.

ಈ ಕಥೆ ದೂರದ ದೇಶದ್ದೆಂದು ಸುಮ್ಮನಾಗುವಂತಿಲ್ಲ. ಕರ್ನಾಟಕದ ಕಾಡುಮೇಡುಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿಯೂ ಆರಿಸ್ಟೊಲೋಕಿಯ ಜಾತಿಯದೇ. ಅದೇ ಆಮ್ಲ ಅದರಲ್ಲಿಯೂ ಉಂಟು. ರಾಜ್ಯದ ಚಿಟ್ಟೆಯೆಂಬ ಮನ್ನಣೆ ಪಡೆದಿರುವ, ಹಳದಿ ಕಪ್ಪು ರೆಕ್ಕೆಗಳ ದೊಡ್ಡ ಚಿಟ್ಟೆಯ ಮರಿಹುಳುಗಳು ಈ ಬಳ್ಳಿಯ ಎಲೆಯನ್ನೇ ತಿಂದು, ಅದರ ವಿಷವನ್ನು ಮೈಯಲ್ಲಿ ತುಂಬಿಕೊಂಡು, ಹಕ್ಕಿಗಳ ಬಾಯಿಂದ ಪಾರಾಗುತ್ತವೆ. ಹುಳುವಿಗೆ ರಕ್ಷೆಯಾದುದು ಮನುಷ್ಯನಿಗೆ ರಕ್ಷೆಯಲ್ಲ. ಹಾವಿನ ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆಯ ತೊಂದರೆಗೆ ಇದರ ಬೇರನ್ನು ತೇಯ್ದು ಕೊಡುವ ರೂಢಿ ಹಳ್ಳಿಗಳಲ್ಲಿ ಇದೆ. ಹಾವು ಕಡಿದವರಿಗೆ ಬೇಕಾದುದು ಆಸ್ಪತ್ರೆಯ ಪ್ರತಿವಿಷವೇ ಹೊರತು ಈ ಬೇರಲ್ಲ. ಈ ಜಾತಿಯ ಸಸ್ಯಗಳಿರುವ ಔಷಧಗಳು ಮನುಷ್ಯರಲ್ಲಿ ಕ್ಯಾನ್ಸರು ತರುತ್ತವೆಂದು ಅಂತರರಾಷ್ಟ್ರೀಯ ಸಂಸ್ಥೆ 2002ರಲ್ಲಿಯೇ ಸಾರಿದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯದೆ, ಅದರಲ್ಲಿ ಏನೇನಿದೆಯೆಂದು ಕೇಳಿ ತಿಳಿದು, ಉತ್ತರ ಬಾರದಿದ್ದರೆ ಬಿಟ್ಟುಬಿಡುವುದೇ ಲೇಸು.

ಗುಳಿಗೆಯ ಮಾತು ಬಂದಾಗ ನೋವಿನ ಪುಡಿಗಳನ್ನೂ ನೆನೆಯಬೇಕು. ಸ್ವೀಡನ್ ದೇಶದ ಹುಸ್ಕ್‌ವಾರ್ನ ಎಂಬ ಕಾರ್ಖಾನೆಯ ಊರಿನಲ್ಲಿ ಕಾರ್ಮಿಕರು ಫೆನಾಸಿಟಿನ್ ಬೆರೆತ ಪುಡಿಯನ್ನು ಕಾಫಿ ಕುಡಿದಷ್ಟು ಸಲೀಸಾಗಿ ದಿನವೂ ನುಂಗುತ್ತಿದ್ದರು. ಆಯಾಸ ಹೋಗುತ್ತದೆಂಬ ನಂಬಿಕೆ. ಅಂಥವರಲ್ಲಿ ಮೂತ್ರಪಿಂಡಗಳು ಕೆಡುವುದನ್ನೂ, ಮುಂದೆ ಒಳಬಟ್ಟಲಿನ ಕ್ಯಾನ್ಸರು ಬರುವುದನ್ನೂ ಸ್ವೀಡನ್ನಿನ ವೈದ್ಯರು 1960ರ ದಶಕದಲ್ಲಿ ಕಂಡರು. ಅಮೆರಿಕ 1983ರಲ್ಲಿ ಫೆನಾಸಿಟಿನ್ನನ್ನು ಮಾರುಕಟ್ಟೆಯಿಂದ ತೆಗೆಯಿತು; ಭಾರತದಲ್ಲಿಯೂ ಅದು ನಿಷಿದ್ಧ. ಇಂದಿನ ನೋವಿನ ಗುಳಿಗೆಗಳಲ್ಲಿ ಅದಿಲ್ಲ. ಆದರೂ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುವುದು ಮೂತ್ರಪಿಂಡಕ್ಕೆ ಹಿತವಲ್ಲವೆಂಬ ಪಾಠ ಉಳಿದೇ ಇದೆ.

ನಿಜವಾದ ವಂಶದ ಪಾಲು

ಹಾಗಾದರೆ ವಂಶಕ್ಕೆ ಪಾಲೇ ಇಲ್ಲವೆ? ಇದೆ, ಆದರೆ ಜನ ಎಣಿಸುವಷ್ಟಿಲ್ಲ. ತಿರುಳಿನ ಕ್ಯಾನ್ಸರು ಬಂದ ನೂರು ಜನರಲ್ಲಿ ಐದಾರು ಮಂದಿಗೆ ಮಾತ್ರ ಅದು ಸ್ಪಷ್ಟವಾಗಿ ಹುಟ್ಟಿನಿಂದಲೇ ಬಂದ ದೋಷದ ಫಲ.

ಅಂಥ ದೋಷಗಳಲ್ಲಿ ಹೆಸರಾದುದು ಇಬ್ಬರು ವೈದ್ಯರ ಹೆಸರನ್ನು ಹೊತ್ತಿದೆ. ಕಣ್ಣಿನ ಹಿಂಪೊರೆಯ ರಕ್ತನಾಳಗಳು ಗಂಟುಗಂಟಾಗಿ ಬೆಳೆಯುವುದನ್ನು ಜರ್ಮನಿಯ ನೇತ್ರವೈದ್ಯ ಫಾನ್ ಹಿಪ್ಪೆಲ್ 1904ರಲ್ಲಿ ವರ್ಣಿಸಿದರು. ಕಣ್ಣಿನ ಈ ಗಂಟುಗಳಿಗೂ ಮಿದುಳಿನ ಗಂಟುಗಳಿಗೂ ಸಂಬಂಧವುಂಟೆಂದು ಸ್ವೀಡನ್ನಿನ ಲಿಂಡೌ 1926ರಲ್ಲಿ ತೋರಿಸಿದರು. ಸುಮಾರು 36,000 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡಕ್ಕೆ ಒಂದು. ದೋಷ ಹೊತ್ತವರು ಅರವತ್ತು ತುಂಬುವುದರೊಳಗೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೂ ಮೂತ್ರಪಿಂಡದ ಕ್ಯಾನ್ಸರಿಗೆ ಗುರಿಯಾಗುತ್ತಾರೆ. ಇದಕ್ಕೆ ಮೂಲವಾದ ವಂಶವಾಹಿಯನ್ನು, ಅಂದರೆ ಜೀನನ್ನು, 1993ರಲ್ಲಿ ಗುರುತಿಸಲಾಯಿತು.

ಆ ಜೀನಿನ ಕೆಲಸ ಸ್ವಾರಸ್ಯವಾದುದು. ಆಮ್ಲಜನಕ ಕಡಿಮೆಯಾದಾಗ ಜೀವಕೋಶವು ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳಬೇಕು. ಆಮ್ಲಜನಕ ಸಾಕಷ್ಟಿರುವಾಗ ಆ ಕರೆಯನ್ನು ಅಡಗಿಸಬೇಕು. ಅಡಗಿಸುವ ಕೆಲಸದಲ್ಲಿ ಈ ಜೀನು ಮುಖ್ಯ. ಅದು ಕೆಟ್ಟರೆ, ಮೃಷ್ಟಾನ್ನದ ಮುಂದೆ ಕುಳಿತೂ ಹಸಿವು ಹಸಿವು ಎಂದು ಕೂಗುವವನಂತೆ ಜೀವಕೋಶವು ರಕ್ತನಾಳಗಳನ್ನು ಕರೆಯುತ್ತಲೇ ಇರುತ್ತದೆ, ಬೆಳೆಯುತ್ತಲೇ ಇರುತ್ತದೆ. ಆಮ್ಲಜನಕವನ್ನು ಜೀವಕೋಶ ಅರಿಯುವ ಈ ಬಗೆಯನ್ನು ಬಿಡಿಸಿ ತೋರಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜ಼ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು. ಇಂದು ಕೊಡುವ ಹೊಸ ಔಷಧಗಳಲ್ಲಿ ಹಲವು ಈ ತಿಳಿವಳಿಕೆಯ ಫಲವೇ.

ಇಲ್ಲಿಯೇ ಒಂದು ಅಚ್ಚರಿಯಿದೆ. ವಂಶದಲ್ಲಿ ಯಾವ ದೋಷವೂ ಇಲ್ಲದವರಿಗೆ ತಿರುಳಿನ ಕ್ಯಾನ್ಸರು ಬಂದಾಗಲೂ ಬಹುಪಾಲು ರೋಗಿಗಳ ಗಂಟಿನಲ್ಲಿ ಇದೇ ಜೀನು ಕೆಟ್ಟಿರುತ್ತದೆ. ಅವರಿಗೆ ಅದು ಹುಟ್ಟಿನಿಂದ ಬಂದುದಲ್ಲ; ಬದುಕಿನ ನಡುವೆ ಒಂದೆರಡು ಜೀವಕೋಶಗಳಲ್ಲಿ ಕೆಟ್ಟದ್ದು. ಮೊದಲ ಕೆಡಕು ಎಷ್ಟೋ ಮಂದಿಯಲ್ಲಿ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ಆಗಿರುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಅಂದರೆ ಅರವತ್ತರಲ್ಲಿ ಕಾಣಿಸಿಕೊಂಡ ಗಂಟಿನ ಮೊದಲ ಬೀಜ ಹದಿನೈದರಲ್ಲಿ ಬಿದ್ದಿರಬಹುದು. ನಲವತ್ತು ಐವತ್ತು ವರ್ಷ ಅದು ಸುಮ್ಮನೆ ಬಿದ್ದಿತ್ತು. ಬೀಜ ಬಿದ್ದವರೆಲ್ಲರಲ್ಲೂ ಅದು ಮೊಳೆಯುವುದಿಲ್ಲ. ಹೆಚ್ಚಿನವರಲ್ಲಿ ಬಿದ್ದಲ್ಲಿಯೇ ಉಳಿಯುತ್ತದೆ.

ತಂದೆಗೋ ಅಣ್ಣನಿಗೋ ಮೂತ್ರಪಿಂಡದ ಕ್ಯಾನ್ಸರು ಇದ್ದವರಿಗೆ ಅಪಾಯ ಸುಮಾರು ಇಮ್ಮಡಿಯೆಂದು ಲೆಕ್ಕಗಳು ಹೇಳುವುದುಂಟು. ಇಮ್ಮಡಿಯೆಂಬ ಮಾತು ಕೇಳಿ ಕಂಗೆಡಬೇಕಾಗಿಲ್ಲ. ಉದಾಹರಣೆಗೆ, ಸಾವಿರದಲ್ಲಿ ಇಬ್ಬರಿಗೆ ಬರುವ ಕಾಯಿಲೆ ಇಮ್ಮಡಿಯಾದರೆ ನಾಲ್ವರಿಗೆ ಬರುತ್ತದೆ; ಉಳಿದ 996 ಮಂದಿಗೆ ಬರುವುದಿಲ್ಲ. ಇದಲ್ಲದೆ ಒಂದೇ ಮನೆಯವರು ರಕ್ತವನ್ನಷ್ಟೇ ಹಂಚಿಕೊಂಡಿರುವುದಿಲ್ಲ. ಅಡಿಗೆ, ಹೊಗೆ, ದೇಹದ ಗಾತ್ರ ಎಲ್ಲವನ್ನೂ ಹಂಚಿಕೊಂಡಿರುತ್ತಾರೆ. ಹತ್ತಿರದ ಸಂಬಂಧಿಗಳಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ, ನಲವತ್ತೈದರ ಒಳಗೇ ಬಂದಿದ್ದರೆ, ಎರಡೂ ಮೂತ್ರಪಿಂಡಗಳಲ್ಲಿ ಗಂಟುಗಳಿದ್ದರೆ ಮಾತ್ರ ವಂಶದ ದೋಷವನ್ನು ಪರೀಕ್ಷಿಸಲು ತಜ್ಞರು ಹೇಳುತ್ತಾರೆ. ಪರೀಕ್ಷೆಯಲ್ಲಿ ದೋಷ ಕಂಡರೂ ಅದು ಶಿಕ್ಷೆಯ ತೀರ್ಪಲ್ಲ. ಕಾಲಕಾಲಕ್ಕೆ ಚಿತ್ರಪರೀಕ್ಷೆ ಮಾಡಿಸಿದರೆ ಗಂಟನ್ನು ಸಣ್ಣದಿರುವಾಗಲೇ ತೆಗೆದು ಮೂತ್ರಪಿಂಡವನ್ನು ಉಳಿಸಿಕೊಳ್ಳಬಹುದು. ಕಾಣದಿದ್ದರೆ ಮಕ್ಕಳ ಹೆದರಿಕೆ ಅಂದಿಗೇ ತೀರಿತು.

ಬೀಜ ಮತ್ತು ಗೊಬ್ಬರ

ಇನ್ನು ಅಭ್ಯಾಸದ ಪಾಲು. ಹೊಗೆಸೊಪ್ಪು, ಬೊಜ್ಜು, ಏರಿದ ರಕ್ತದೊತ್ತಡ, ಈ ಮೂರನ್ನು ಎಲ್ಲ ದೇಶಗಳ ತಜ್ಞರೂ ಒಮ್ಮತದಿಂದ ಹೆಸರಿಸುತ್ತಾರೆ. ಸಿಗರೇಟು ಸೇದುವವರಲ್ಲಿ, ಸೇದದವರಿಗಿಂತ, ಈ ಕ್ಯಾನ್ಸರು ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಹೆಚ್ಚು, ಸೇದಿದಷ್ಟೂ ಹೆಚ್ಚು. ಬಿಟ್ಟ ಮೇಲೆ ಅಪಾಯ ವರ್ಷವರ್ಷಕ್ಕೂ ಇಳಿಯುತ್ತದೆ. ಬೊಜ್ಜಿನ ವಿಷಯದಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ ಹೀಗಿದೆ: ಐದು ಅಡಿ ಮೂರು ಅಂಗುಲ ಎತ್ತರದವರ ತೂಕ ಸುಮಾರು 13 ಕಿಲೋ ಏರಿತೆಂದರೆ, ಈ ಕ್ಯಾನ್ಸರಿನ ಅಪಾಯ ಗಂಡಸರಲ್ಲಿ ನೂರಕ್ಕೆ 24ರಷ್ಟು, ಹೆಂಗಸರಲ್ಲಿ ನೂರಕ್ಕೆ 34ರಷ್ಟು ಏರುತ್ತದೆ. ರಕ್ತದೊತ್ತಡ ಏರಿದವರಲ್ಲಿಯೂ ಅಪಾಯ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ರಕ್ತದೊತ್ತಡ ಹೆಚ್ಚಾಗಿರುವುದು ಕಂಡುಬಂದಿದೆ. ಹೃದಯಕ್ಕೂ ಮಿದುಳಿಗೂ ಕೆಡುಕೆಂದು ಎಲ್ಲರೂ ಬಲ್ಲ ಈ ಮೂರು, ಮೂತ್ರಪಿಂಡದ ಕ್ಯಾನ್ಸರಿಗೂ ದಾರಿಯೆಂಬುದನ್ನು ಮಾತ್ರ ಬಲ್ಲವರು ವಿರಳ.

ಆದರೆ ಈ ಮೂರರ ಕೆಲಸವೂ ಒಂದೇ ಬಗೆಯದಲ್ಲ. ಹನ್ನೊಂದು ದೇಶಗಳ 962 ರೋಗಿಗಳ ಗಂಟುಗಳಲ್ಲಿನ ಡಿಎನ್‌ಎ ಬರಹವನ್ನು ಪೂರ್ತಿಯಾಗಿ ಓದಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಆ ಬರಹದಲ್ಲಿ ತನ್ನ ಅಕ್ಷರದೋಷವನ್ನು ಬಿಟ್ಟುಹೋಗಿತ್ತು. ರುಮೇನಿಯ, ಸೆರ್ಬಿಯ, ಥಾಯ್ಲೆಂಡ್ ದೇಶಗಳ ಹಲವು ರೋಗಿಗಳಲ್ಲಿ ಆರಿಸ್ಟೊಲೋಕಿಯದ ಬೆರಳಚ್ಚು ಸಿಕ್ಕಿತು. ಆ ವಿಷ ಒಳಬಟ್ಟಲನ್ನು ಮಾತ್ರವಲ್ಲದೆ ತಿರುಳನ್ನೂ ಬಿಡುವುದಿಲ್ಲವೆಂಬುದು ಸ್ಪಷ್ಟವಾಯಿತು. ಆದರೆ ಬೊಜ್ಜು ಮತ್ತು ರಕ್ತದೊತ್ತಡಗಳ ಗುರುತು ಮಾತ್ರ ಎಲ್ಲಿಯೂ ಸಿಗಲಿಲ್ಲ! ಅವು ಬರಹವನ್ನು ಕೆಡಿಸುವಂಥವಲ್ಲ. ಕೆಟ್ಟ ಬರಹವುಳ್ಳ ಜೀವಕೋಶ ಹುಲುಸಾಗಿ ಬೆಳೆಯಲು ಅನುವು ಮಾಡಿಕೊಡುವಂಥವೆಂದು ಇದರಿಂದ ಊಹಿಸಬೇಕಾಗಿದೆ. ಕೆಲವು ಕಾರಣಗಳು ಬೀಜ ಬಿತ್ತುತ್ತವೆ. ಕೆಲವು ಗೊಬ್ಬರ ಹಾಕುತ್ತವೆ. ಬಾಲ್ಯದಲ್ಲಿ ಬಿದ್ದ ಬೀಜವನ್ನು ಹೆಕ್ಕಿ ತೆಗೆಯುವುದು ಯಾರ ಕೈಯಲ್ಲಿಯೂ ಇಲ್ಲ. ಗೊಬ್ಬರ ಹಾಕದಿರುವುದು ನಲವತ್ತರಲ್ಲಿಯೂ ಐವತ್ತರಲ್ಲಿಯೂ ಕೈಯಲ್ಲೇ ಇದೆ. ವಯಸ್ಸಾದ ಮೇಲೆ ಅಭ್ಯಾಸ ತಿದ್ದಿ ಏನು ಪ್ರಯೋಜನವೆಂದು ಕೇಳುವವರಿಗೆ ಇದೇ ಉತ್ತರ.

ಅದೇ ಅಧ್ಯಯನದಲ್ಲಿ ಇನ್ನೊಂದು ಒಗಟೂ ಎದುರಾಯಿತು. ಜಪಾನಿನ ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಗಂಟಿನಲ್ಲಿ, ಬೇರೆ ದೇಶಗಳವರಲ್ಲಿ ನೂರಕ್ಕೆ ಇಬ್ಬರಲ್ಲಿಯೂ ಇಲ್ಲದ ಒಂದು ಬೆರಳಚ್ಚು ಕಂಡಿತು. ಅದು ಯಾವ ಪದಾರ್ಥದ್ದೆಂಬುದು ಅಧ್ಯಯನಕಾರರಿಗೆ ತಿಳಿದುಬರಲಿಲ್ಲ. ಆ ಹನ್ನೊಂದು ದೇಶಗಳಲ್ಲಿ ಭಾರತ ಸೇರಿರಲಿಲ್ಲ. ಬಾಲ್ಕನ್ನಿನ ಗೋಧಿಯ ಹೊಲದಂಥ ಹೊಲ ಜಗತ್ತಿನಲ್ಲಿ ಒಂದೇ ಅಲ್ಲವೆಂಬುದಂತೂ ದಿಟ.

ಪಟ್ಟಿಯಲ್ಲಿ ಇನ್ನೂ ಎರಡನ್ನು ಸೇರಿಸಬೇಕು. ಲೋಹದ ಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳಲ್ಲಿ ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರವವು ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆ 2012ರಲ್ಲಿ ತೀರ್ಮಾನಿಸಿತು. ಅದರ ಆವಿಯಲ್ಲಿ ಕೆಲಸ ಮಾಡುವವರಿಗೆ ರಕ್ಷಣೆ ಒದಗಿಸುವುದು ಮಾಲೀಕರ ಹೊಣೆ. ಮೂತ್ರಪಿಂಡ ಕೆಟ್ಟು ಬಹಳ ವರ್ಷ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳೆದ್ದು, ಕ್ಯಾನ್ಸರಿನ ಅಪಾಯ ಹೆಚ್ಚುವುದುಂಟು. ಅಂಥವರು ಚಿತ್ರಪರೀಕ್ಷೆಯ ವಿಚಾರವಾಗಿ ವೈದ್ಯರನ್ನು ಕೇಳುವುದು ಒಳ್ಳೆಯದು.

ಮನೆಯವರು ಮಾಡಬೇಕಾದುದು

ಮೂತ್ರಪಿಂಡದ ಕ್ಯಾನ್ಸರು ಮೊದಮೊದಲು ಮೌನವಾಗಿರುತ್ತದೆ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದಾಗ ಆಕಸ್ಮಿಕವಾಗಿ ಗಂಟು ಕಾಣುವುದು ಈಗ ಸಾಮಾನ್ಯ. ಹಾಗೆ ಸಣ್ಣದಿರುವಾಗ ಸಿಕ್ಕಿದ ಗಂಟು ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ವಾಸಿಯಾಗುತ್ತದೆ. ಮನೆಯವರೇ ಗುರುತಿಸಬಹುದಾದ ಮುಖ್ಯ ಚಿಹ್ನೆಯೆಂದರೆ ಮೂತ್ರದಲ್ಲಿ ರಕ್ತ. ಅದೂ ನೋವಿಲ್ಲದೆ ಬಂದ ರಕ್ತ. ಒಂದು ದಿನ ಕಂಡು, ಮರುದಿನ ತಾನಾಗಿ ನಿಂತುಹೋಗಿ, ತಿಂಗಳುಗಟ್ಟಲೆ ಕಾಣದಿರಬಹುದು. ಉಷ್ಣವಾಗಿರಬೇಕೆಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವವರು ಬಹಳ. ಎಳನೀರಿನಿಂದಲೇ ನಿಂತಿತೆಂದು ನಂಬುವವರೂ ಉಂಟು. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೂ ಮೂತ್ರ ಕೆಂಪಾಗಬಹುದು. ಕಲ್ಲಿನಿಂದಲೂ ಸೋಂಕಿನಿಂದಲೂ ರಕ್ತ ಬರಬಹುದು. ಕ್ಯಾನ್ಸರೇ ಎಂದು ಗಾಬರಿಯಾಗಬೇಕಾಗಿಲ್ಲ. ಯಾವುದೆಂದು ನಿರ್ಧರಿಸುವುದು ಮಾತ್ರ ವೈದ್ಯರ ಕೆಲಸ. ಒಂದೇ ಒಂದು ಸಲ ಕಂಡು ನಿಂತರೂ ತೋರಿಸಬೇಕು. ಪಕ್ಕೆಯಲ್ಲಿ ಬಿಡದ ನೋವು, ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಸಾಮಾನ್ಯವಾಗಿ ರೋಗ ಬಲಿತ ಮೇಲಿನ ಚಿಹ್ನೆಗಳು, ಅವುಗಳಿಗಾಗಿ ಕಾಯಬಾರದು.

ರಕ್ತದೊತ್ತಡದ ಮಾತ್ರೆ ನುಂಗುವವರು ಮಾತ್ರೆಯೇ ರೋಗಕ್ಕೆ ಕಾರಣವಾದೀತೆಂದು ಹೆದರಿ ನಿಲ್ಲಿಸಬಾರದು. ಒತ್ತಡವನ್ನು ಹತೋಟಿಯಲ್ಲಿಡುವುದರಿಂದ ಆಗುವ ಲಾಭವೇ ದೊಡ್ಡದು. ಬೀಡಿ ಸಿಗರೇಟು ಸೇದುವವರು ಬಿಡುವುದು, ಸೊಂಟದ ಸುತ್ತಳತೆಯ ಮೇಲೆ ಕಣ್ಣಿಡುವುದು, ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಒತ್ತಡವನ್ನು ಅಳೆಸಿಕೊಳ್ಳುವುದು, ಹೆಸರು ತಿಳಿಯದ ಪುಡಿ ಲೇಹ್ಯಗಳನ್ನು ದೂರವಿಡುವುದು, ಇವಿಷ್ಟೂ ಸಾಮಾನ್ಯ ಸಂಸಾರಸ್ಥರ ಶಕ್ತಿಗೆ ಮೀರಿದವಲ್ಲ.

ಇಷ್ಟೆಲ್ಲ ತಿಳಿದ ಮೇಲೂ, ಹಾಸಿಗೆ ಹಿಡಿದ ಒಬ್ಬ ರೋಗಿಯನ್ನು ತೋರಿಸಿ ಇವರಿಗೇ ಏಕೆ ಬಂತೆಂದು ಕೇಳಿದರೆ ಅತ್ಯಂತ ನಿಪುಣ ವೈದ್ಯರೂ ಬಹುಪಾಲು ಸಂದರ್ಭಗಳಲ್ಲಿ ನಿಶ್ಚಯವಾಗಿ ಹೇಳಲಾರರು. ಸೇದಿದವರಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ. ಎಂದೂ ಸೇದದ, ಮಿತವಾಗಿ ಉಂಡು ಬಾಳಿದ ಸಜ್ಜನರಿಗೆ ಬರುತ್ತದೆ. ಅಪಾಯದ ಲೆಕ್ಕ ಸಾವಿರಾರು ಜನರನ್ನು ಕುರಿತದ್ದು. ಅದನ್ನು ಒಬ್ಬರ ಮೇಲೆ ಆರೋಪಪಟ್ಟಿಯಾಗಿ ಓದುವುದು ಅನ್ಯಾಯ. ರೋಗಿಯ ಮಂಚದ ಸುತ್ತ ಕುಳಿತು ಅವರ ಹಳೆಯ ಅಭ್ಯಾಸಗಳನ್ನೂ, ಅವರ ತವರಿನ ವಂಶವನ್ನೂ ವಿಚಾರಣೆಗೆ ಎಳೆಯುವ ನೆಂಟರು ಆ ಹೊತ್ತನ್ನು ತಮ್ಮ ತಮ್ಮ ರಕ್ತದೊತ್ತಡ ಅಳೆಸಿಕೊಳ್ಳಲು ಬಳಸಿದರೆ ರೋಗಿಗೂ ನೆಮ್ಮದಿ, ಅವರಿಗೂ ಕ್ಷೇಮ.